ನಕ್ಷೆಗಿಂತ ಮೊದಲು ಬಂದ ಪುಸ್ತಕ



ಮೈಸೂರಿನಿಂದ ಹಾಸನಕ್ಕೆ ಹೋಗುವ ರಸ್ತೆಯಲ್ಲಿ ಕೃಷ್ಣರಾಜನಗರ ದಾಟಿದ ಮೇಲೆ ಸಿಗುವ ಭೇರ್ಯ ನನ್ನ ಊರು. ಈ ಹೊತ್ತು ನಾನು ಮಾತಾಡಬೇಕೆಂದಿರುವುದು ನಮ್ಮೂರಿಗೆ ಬಹಳ ದೂರದ ಧಾರವಾಡದಲ್ಲಿ ಬಾಳಿದ ಆಲೂರು ವೆಂಕಟರಾಯರ ಬಗ್ಗೆ. ಅವರು ಲೇಖಕರು, ಇತಿಹಾಸಕಾರರು, ನಾಡಿಗಾಗಿ ರಾಜಕಾರಣಕ್ಕೆ ಇಳಿದವರು. ಕರ್ನಾಟಕದ ಕುಲಪುರೋಹಿತರೆಂದು ಜನ ಅವರನ್ನು ಕರೆದರು. ನಮ್ಮ ಹಳೇ ಮೈಸೂರು ಸೀಮೆಯಲ್ಲಿ ಮಾತ್ರ ಆ ಹೆಸರು ನವೆಂಬರ್ ಒಂದನೇ ತಾರೀಕು ಧ್ವಜ ಏರಿಸುವಾಗ ಒಂದು ಸಲ ಕೇಳಿಬರುತ್ತದೆ, ಆಮೇಲೆ ವರ್ಷವೆಲ್ಲ ಮರೆತುಹೋಗುತ್ತದೆ. ಅವರು ಯಾವ ನೋವಿನಿಂದ ದುಡಿದರೋ ಆ ನೋವು ನಮ್ಮ ಸೀಮೆಗೆ ಅಷ್ಟಾಗಿ ತಟ್ಟಿರಲಿಲ್ಲ. ಈ ಮರೆವಿಗೆ ಅದೇ ಕಾರಣ ಎಂದು ನನಗೆ ತೋರುತ್ತದೆ.

ಆ ನೋವು ತಿಳಿಯಬೇಕಾದರೆ ಆ ಕಾಲದ ಗಡಿಗಳನ್ನು ಒಮ್ಮೆ ನೆನೆಸಿಕೊಳ್ಳಿ. ಸ್ವಾತಂತ್ರ್ಯಕ್ಕೆ ಮೊದಲು ನಮ್ಮವರು ಪಿರಿಯಾಪಟ್ಟಣ ದಾಟಿ, ಕೊಪ್ಪದ ಹತ್ತಿರ ಕಾವೇರಿ ದಾಟಿದರೆ ಸಿಗುತ್ತಿದ್ದದ್ದು ಫ್ರೇಜರ್‌ಪೇಟೆ, ಅಂದರೆ ಇವತ್ತಿನ ಕುಶಾಲನಗರ. ಅದು ಕೊಡಗು. 1834ರಲ್ಲಿ ಬ್ರಿಟಿಷರು ಅಲ್ಲಿನ ಅರಸರನ್ನು ಇಳಿಸಿದ ಮೇಲೆ ಅದರ ಆಡಳಿತವೇ ಬೇರೆ. ಹೆಗ್ಗಡದೇವನಕೋಟೆಯ ಕಾಡಿನಾಚೆಯ ವಯನಾಡು ಮದರಾಸಿನದು. ಕೊಳ್ಳೇಗಾಲ ಅಪ್ಪಟ ಕನ್ನಡದ ಊರು, ಆದರೂ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಮಂಗಳೂರು, ಬಳ್ಳಾರಿ ಕೂಡ ಮದರಾಸಿಗೇ ಸೇರಿದ್ದವು. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರಗಳು ಮುಂಬಯಿ ಪ್ರಾಂತದಲ್ಲಿದ್ದವು. ಬೀದರ, ಕಲಬುರಗಿ, ರಾಯಚೂರುಗಳು ನಿಜಾಮರ ಕೈಯಲ್ಲಿ. ನಡುನಡುವೆ ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರು, ಸಂಡೂರಿನಂಥ ಪುಟ್ಟ ಸಂಸ್ಥಾನಗಳು. ಟಿಪ್ಪು ಸುಲ್ತಾನರು ಮಡಿದ 1799ರಿಂದ ಮುಂದೆ ಒಡೆಯುತ್ತ ಬಂದ ನಾಡು ಇದು. ಕನ್ನಡ ಮಾತಾಡುವವರು ಎಲ್ಲೆಡೆ ಇದ್ದರು. ಮೈಸೂರು ಬಿಟ್ಟರೆ ಮಿಕ್ಕ ಕಡೆಗಳಲ್ಲಿ ಬೇರೆ ಭಾಷೆಯವರ ಬಾಲಂಗೋಚಿಯಾಗಿ ಇದ್ದರು.

ವೆಂಕಟರಾಯರು ಹುಟ್ಟಿದ್ದು 1880ರ ಜುಲೈ 12ರಂದು, ಬಿಜಾಪುರದಲ್ಲಿ. ಆ ಸೀಮೆಯಲ್ಲಿ ಆಗ ಕಚೇರಿಯಲ್ಲಿ, ಶಾಲೆಯಲ್ಲಿ, ಓದಿದವರ ಮನೆಯಲ್ಲಿ ಮರಾಠಿಯದೇ ದೊಡ್ಡಸ್ತಿಕೆ. ಕನ್ನಡ ಶಾಲೆಗಳಿಗಾಗಿ ಡೆಪ್ಯುಟಿ ಚನ್ನಬಸಪ್ಪನವರು ಜೀವ ತೇದದ್ದು ಆ ಸೀಮೆಯಲ್ಲೇ. ಧಾರವಾಡದಲ್ಲಿ ಓದು ಮುಗಿಸಿದ ತರುಣ ವೆಂಕಟರಾಯರು ಪುಣೆಯ ಫರ್ಗ್ಯುಸನ್ ಕಾಲೇಜಿಗೆ ಹೋದರು. ಅಲ್ಲಿ ಲೋಕಮಾನ್ಯ ತಿಲಕರ ಪ್ರಭಾವಕ್ಕೆ ಒಳಗಾದರು. ಬಿ.ಎ. ಆಯಿತು, ಮುಂಬಯಿಯಲ್ಲಿ ಕಾನೂನು ಓದಿದರು, 1905ರ ಸುಮಾರಿಗೆ ಧಾರವಾಡಕ್ಕೆ ಬಂದು ವಕೀಲರಾದರು.

ಪುಣೆಯಲ್ಲಿ ಅವರು ಕಂಡದ್ದನ್ನು ನಾವು ಸರಿಯಾಗಿ ತಿಳಿಯಬೇಕು. ಮರಾಠಿಗರಿಗೆ ಶಿವಾಜಿ ಮಹಾರಾಜರು ಬದುಕಿನ ಭಾಗವೇ ಆಗಿದ್ದರು. ತಿಲಕರು ಶಿವಾಜಿ ಉತ್ಸವ ನಡೆಸಿ ಇತಿಹಾಸವನ್ನು ಬೀದಿಗೆ ತಂದಿದ್ದರು. ಸಾಮಾನ್ಯ ಜನರೂ ತಮ್ಮ ಹಿಂದಿನವರ ಹೆಸರು ಹೇಳಿ ಎದೆ ಸೆಟೆಸುತ್ತಿದ್ದರು. ಇದನ್ನು ನೋಡಿದ ಕನ್ನಡದ ಹುಡುಗನಿಗೆ ತನ್ನ ಜನಕ್ಕೆ ಇಂಥದ್ದು ಏನಿದೆ ಎಂಬ ಪ್ರಶ್ನೆ ಹುಟ್ಟದೆ ಇರುತ್ತದೆಯೆ? ಉತ್ತರ ಸಿಕ್ಕಿದ್ದು ಹಂಪಿಯಲ್ಲಿ. 1905ರಲ್ಲಿ ಆನೆಗೊಂದಿಯ ಕಡೆಗೆ ಹೋದವರು ವಿಜಯನಗರದ ಹಾಳು ಗುಡಿಗಳನ್ನೂ ಮಂಟಪಗಳನ್ನೂ ನೋಡಿದರು. ಆ ದಿನ ತಮ್ಮ ಬಾಳನ್ನೇ ತಿರುಗಿಸಿತೆಂದು ಅವರು ಮುಂದೆ ಬರೆದುಕೊಂಡಿದ್ದಾರೆ. ಅದೇ ವರ್ಷ ಬಂಗಾಳವನ್ನು ಇಬ್ಭಾಗ ಮಾಡಿದ್ದಕ್ಕೆ ಇಡೀ ದೇಶ ಕೆರಳಿತು. ಎರಡು ಹೋಳಾದ ನಾಡಿಗಾಗಿ ದೇಶವೇ ಕೆರಳುವುದಾದರೆ ಹತ್ತಾರು ಹೋಳಾದ ಕನ್ನಡನಾಡಿಗೆ ಯಾರು ಅಳಬೇಕು? ಧಾರವಾಡದ ವಿದ್ಯಾವರ್ಧಕ ಸಂಘದ ‘ವಾಗ್ಭೂಷಣ’ ಪತ್ರಿಕೆಯ ಹೊಣೆ ಹೊತ್ತು ಅವರು ಲೇಖನಿ ಹಿಡಿದದ್ದು ಆ ಕಾಲದಲ್ಲೇ. ವಕೀಲಿ ಮೆಲ್ಲಗೆ ಹಿಂದೆ ಸರಿಯಿತು, ಕೊನೆಗೆ ಬಿಟ್ಟೇ ಹೋಯಿತು. ಧಾರವಾಡದಂಥ ಊರಿನಲ್ಲಿ ವಕೀಲಿ ಬಿಡುವುದೆಂದರೆ ಕೂತು ಉಣ್ಣುವ ಅನ್ನವನ್ನು ಬಿಟ್ಟ ಹಾಗೆ.

ಮುಂದಿನ ಹತ್ತು ಹನ್ನೆರಡು ವರ್ಷ ಅವರು ಮಾಡಿದ ಕೆಲಸ ಬಲು ದೊಡ್ಡದು. 1907ರಲ್ಲಿ ‘ವಿದ್ಯಾರಣ್ಯ ಚರಿತ್ರೆ’ ಬರೆದರು. ಅದೇ ವರ್ಷ ಧಾರವಾಡದಲ್ಲಿ ಕನ್ನಡ ಗ್ರಂಥಕರ್ತರ ಸಮ್ಮೇಳನ ಸೇರಿಸಿದರು. ಬೇರೆ ಬೇರೆ ಆಡಳಿತದಲ್ಲಿ ಚದುರಿದ್ದ ಬರಹಗಾರರನ್ನು ಒಂದು ಚಾವಡಿಯಲ್ಲಿ ಕೂರಿಸುವ ಯತ್ನ ಅದು. 1915ರಲ್ಲಿ ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಲು ಇಂಥ ಕೂಟಗಳು ದಾರಿ ಮಾಡಿದವು. 1914ರಲ್ಲಿ ಕರ್ನಾಟಕ ಇತಿಹಾಸ ಮಂಡಳ, 1916ರಲ್ಲಿ ಕರ್ನಾಟಕ ಸಭೆ. ಮುದವೀಡು ಕೃಷ್ಣರಾಯರು, ಕಡಪಾ ರಾಘವೇಂದ್ರರಾಯರು ಅವರ ಜೊತೆಗಾರರು. ತಿಲಕರು ಮಂಡಾಲೆಯ ಸೆರೆಮನೆಯಲ್ಲಿ ಬರೆದ ‘ಗೀತಾರಹಸ್ಯ’ವನ್ನು ಕನ್ನಡಕ್ಕೆ ತಂದವರೂ ವೆಂಕಟರಾಯರೇ. ಮರಾಠಿಯ ದೊಡ್ಡಸ್ತಿಕೆಯನ್ನು ಎದುರಿಸಿದ ಮನುಷ್ಯ ಮರಾಠಿಯ ದೊಡ್ಡ ಪುಸ್ತಕವನ್ನು ತಲೆಯ ಮೇಲಿಟ್ಟುಕೊಂಡು ತಂದರು. ಅವರ ಕನ್ನಡಾಭಿಮಾನದಲ್ಲಿ ನೆರೆಯವರ ಮೇಲಿನ ಹಗೆ ಇರಲಿಲ್ಲ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

1917ರಲ್ಲಿ ‘ಕರ್ನಾಟಕ ಗತವೈಭವ’ ಬಂತು.

ಈ ಪುಸ್ತಕದ ಹತ್ತಿರ ಸ್ವಲ್ಪ ನಿಲ್ಲೋಣ. ಅದಕ್ಕೆ ಮೊದಲು ಕನ್ನಡನಾಡಿನ ಇತಿಹಾಸ ಯಾರೂ ಬರೆದಿರಲಿಲ್ಲವೆ ಎಂದರೆ, ಬರೆದಿದ್ದರು, ಇಂಗ್ಲಿಷಿನಲ್ಲಿ. ಮುಂಬಯಿ ಸರ್ಕಾರದ ಅಧಿಕಾರಿ ಫ್ಲೀಟ್ ಸಾಹೇಬರು ಆ ಕಡೆಯ ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆ ಬರೆದರು. ಮದರಾಸಿನ ಅಧಿಕಾರಿ ಸೀವೆಲ್ ಸಾಹೇಬರು 1900ರಲ್ಲಿ ವಿಜಯನಗರದ ಕಥೆ ಬರೆದರು. ನಮ್ಮ ಮೈಸೂರಿನಲ್ಲಿ ಬಿ.ಎಲ್. ರೈಸ್ ಸಾಹೇಬರು ಶಾಸನಗಳನ್ನು ಓದಿಸಿ ಅಚ್ಚು ಹಾಕಿಸಿದರು. ಮೂವರೂ ಘನ ವಿದ್ವಾಂಸರು, ಅವರ ಋಣ ನಮ್ಮ ಮೇಲಿದೆ. ಆದರೆ ಆಡಳಿತದ ಗಡಿಗಳು ನೆಲವನ್ನು ಹೇಗೆ ತುಂಡು ಮಾಡಿದ್ದವೋ ಇತಿಹಾಸವನ್ನೂ ಹಾಗೇ ತುಂಡು ಮಾಡಿದ್ದವು. ಮುಂಬಯಿಯವರಿಗೆ ಚಾಲುಕ್ಯರು, ಮದರಾಸಿನವರಿಗೆ ಹಂಪಿ, ಮೈಸೂರಿನವರಿಗೆ ಗಂಗರು, ಹೊಯ್ಸಳರು. ವೆಂಕಟರಾಯರು ಈ ತುಂಡುಗಳನ್ನೆಲ್ಲ ಕೌದಿಯ ಹಾಗೆ ಕೂಡಿಸಿ ಹೊಲಿದರು. ಬನವಾಸಿಯ ಕದಂಬರು, ಬಾದಾಮಿಯ ಚಾಲುಕ್ಯರು, ಮಾನ್ಯಖೇಟದ ರಾಷ್ಟ್ರಕೂಟರು, ದ್ವಾರಸಮುದ್ರದ ಹೊಯ್ಸಳರು, ಹಂಪಿಯ ಅರಸರು ಎಲ್ಲರೂ ಒಂದೇ ಮನೆತನದ ಹಿರಿಯರು ಎಂದು ಕನ್ನಡದಲ್ಲಿ, ಕನ್ನಡಿಗರಿಗೆ ಹೇಳಿದರು. ಮುಂಬಯಿಗೆ ಸೇರಿದ ಓದುಗನೂ ಮೈಸೂರಿಗೆ ಸೇರಿದ ಓದುಗನೂ ಒಂದೇ ಪುಸ್ತಕ ಹಿಡಿದು ಇದು ನನ್ನದು ಎನ್ನುವಂತಾಯಿತು. ಸರ್ಕಾರ ನಕ್ಷೆ ಬರೆಯುವುದಕ್ಕೆ 39 ವರ್ಷ ಮೊದಲೇ ಆ ನಕ್ಷೆ ಪುಸ್ತಕದಲ್ಲಿ ಬಂದಿತ್ತು.

ಶಾಸನ, ಶಿಲ್ಪ, ಸಾಹಿತ್ಯಗಳನ್ನು ಆಧಾರವಾಗಿಟ್ಟು ಬರೆದರೂ ಅದರ ಧಾಟಿ ಪಂಡಿತರ ತಕರಾರಿನದಲ್ಲ, ಮಲಗಿದವರನ್ನು ಎಬ್ಬಿಸುವ ಧಾಟಿ. ಇವತ್ತು ಓದುವಾಗ ಕೊರತೆಗಳೂ ಕಾಣುತ್ತವೆ. ಅರಸರು, ಸಾಮ್ರಾಜ್ಯಗಳು, ಗೆಲುವುಗಳು ಅಲ್ಲಿ ಮುಂದೆ ನಿಲ್ಲುತ್ತವೆ. ಕೆರೆ ಕಟ್ಟಿದವರು, ಉತ್ತವರು, ಬಿತ್ತಿದವರು, ಕಲ್ಲು ಹೊತ್ತವರು ಹಿಂದೆ ಉಳಿಯುತ್ತಾರೆ. ಇತಿಹಾಸ ಬರೆಯುವ ಕ್ರಮ ಆಮೇಲೆ ಬಹಳ ಬೆಳೆದಿದೆ, ಆ ಪುಸ್ತಕದ ಎಷ್ಟೋ ತೀರ್ಮಾನಗಳನ್ನು ಈಗಿನ ವಿದ್ವಾಂಸರು ಒಪ್ಪಲಾರರು. ಆದರೂ ನನ್ನ ಮಟ್ಟಿಗೆ ಕನ್ನಡದಲ್ಲಿ ಒಂದು ನಾಡನ್ನೇ ಕಟ್ಟಿದ ಪುಸ್ತಕ ಯಾವುದು ಎಂದು ಕೇಳಿದರೆ ಉತ್ತರ ಇದೊಂದೇ.

ನಾಡು ಕಳೆದುಕೊಂಡ ಜನ ಮೊದಲು ಇತಿಹಾಸ ಬರೆಯುತ್ತಾರೆ. ಇದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ವೆಂಕಟರಾಯರು ಹುಟ್ಟಿದ 1880ರಲ್ಲೇ, ಈಗಿನ ಇರಾಕಿನ ಸುಲೇಮಾನಿಯಾ ಪಟ್ಟಣದಲ್ಲಿ ಮುಹಮ್ಮದ್ ಅಮೀನ್ ಝಕಿ ಎಂಬ ಕುರ್ದ್ ಜನಾಂಗದವರೊಬ್ಬರು ಹುಟ್ಟಿದರು. ತುರ್ಕಿಯ ಉಸ್ಮಾನಿ ಸಾಮ್ರಾಜ್ಯದ ಸೈನ್ಯದಲ್ಲಿ ಅಧಿಕಾರಿಯಾಗಿದ್ದರು. ಸಾಮ್ರಾಜ್ಯ ಮುರಿದುಬಿದ್ದ ಮೇಲೆ ಬಾಗ್ದಾದಿಗೆ ಬಂದು ಇರಾಕ್ ಸರ್ಕಾರದಲ್ಲಿ ಮಂತ್ರಿಯಾದರು. 1931ರಲ್ಲಿ ಕುರ್ದರ ಮತ್ತು ಕುರ್ದಿಸ್ತಾನದ ಇತಿಹಾಸವನ್ನು ಕುರ್ದಿ ಭಾಷೆಯಲ್ಲೇ ಬರೆದು ಪ್ರಕಟಿಸಿದರು. ಅದಕ್ಕೆ ಮುಂಚೆ ಅವರ ಜನರ ದೊಡ್ಡ ಇತಿಹಾಸವೆಂದರೆ ಹದಿನಾರನೆಯ ಶತಮಾನದ ಕೊನೆಯಲ್ಲಿ ಪಾರಸಿಯಲ್ಲಿ ಬರೆದ ‘ಶರಫ್‌ನಾಮಾ’. ತಮ್ಮ ಜನರ ಕಥೆಯನ್ನು ತಮ್ಮ ಜನರ ನುಡಿಯಲ್ಲಿ ಹೇಳಬೇಕೆಂಬ ಹಂಬಲ ಧಾರವಾಡದಲ್ಲಿ ಹೇಗೋ ಸುಲೇಮಾನಿಯಾದಲ್ಲೂ ಹಾಗೇ. 1920ರ ಸೆವ್ರ್ ಒಪ್ಪಂದ ಕುರ್ದರಿಗೆ ನಾಡಿನ ಆಸೆ ತೋರಿಸಿತು, 1923ರ ಲೊಸಾನ್ ಒಪ್ಪಂದ ಆ ಮಾತನ್ನೇ ಕೈಬಿಟ್ಟಿತು. ಅವರು ತುರ್ಕಿ, ಇರಾನ್, ಇರಾಕ್, ಸಿರಿಯಾ ಎಂಬ ನಾಲ್ಕು ದೇಶಗಳಲ್ಲಿ ಹಂಚಿಹೋದರು, ಲೆಕ್ಕವಿಲ್ಲದಷ್ಟು ಜೀವ ತೆತ್ತರು. ಝಕಿಯವರು 1948ರಲ್ಲಿ ತೀರಿಕೊಂಡರು. ವೆಂಕಟರಾಯರು ಕೇಳಿದ್ದು ಬೇರೆ ದೇಶವನ್ನಲ್ಲ, ಭಾರತದೊಳಗೇ ಕನ್ನಡಿಗರೆಲ್ಲ ಸೇರಿ ಬಾಳುವ ಒಂದು ನಾಡನ್ನು. ದೇಶಾಭಿಮಾನ, ನಾಡಭಿಮಾನ ಎರಡೂ ಒಂದಕ್ಕೊಂದು ಪೋಷಕ ಎಂದು ಅವರು ಜೀವಮಾನವೆಲ್ಲ ಹೇಳಿದರು, ಆ ಬಗ್ಗೆ ‘ರಾಷ್ಟ್ರೀಯತ್ವದ ಮೀಮಾಂಸೆ’ ಎಂಬ ಗ್ರಂಥವನ್ನೂ ಬರೆದರು. ಅವರಿಗೆ ತಮ್ಮ ಕನಸು ಕಣ್ಣಾರೆ ಕಾಣುವ ಭಾಗ್ಯ ಸಿಕ್ಕಿತು. ಕುರ್ದರ ಇತಿಹಾಸಕಾರನಿಗೆ ಸಿಗಲಿಲ್ಲ.

1920ರಲ್ಲಿ ಧಾರವಾಡದಲ್ಲಿ ಕರ್ನಾಟಕ ರಾಜಕೀಯ ಪರಿಷತ್ತು ಸೇರಿತು. ಅದರ ಅಧ್ಯಕ್ಷ ಪೀಠದಲ್ಲಿ ಕೂತವರು ಮೈಸೂರಿನ ಹಿಂದಿನ ದಿವಾನರಾದ ವಿ.ಪಿ. ಮಾಧವರಾಯರು. ನಮ್ಮ ಸಂಸ್ಥಾನವನ್ನು ಆಳಿದ ಹಿರಿಯರೊಬ್ಬರು ಧಾರವಾಡಕ್ಕೆ ಹೋಗಿ ಕನ್ನಡಿಗರೆಲ್ಲ ಒಂದಾಗಬೇಕೆನ್ನುವ ಸಭೆ ನಡೆಸಿದ್ದು ಸಣ್ಣ ಮಾತಲ್ಲ. ಅದೇ ವರ್ಷದ ಕೊನೆಯಲ್ಲಿ ನಾಗಪುರದ ಕಾಂಗ್ರೆಸ್ಸಿಗೆ ಕನ್ನಡದ ಪ್ರತಿನಿಧಿಗಳು ನೂರುಗಟ್ಟಲೆ ಹೋದರು, ಕರ್ನಾಟಕಕ್ಕೆ ಬೇರೆ ಪ್ರಾಂತ ಕಾಂಗ್ರೆಸ್ ಸಮಿತಿ ಬಂತು. ಸರ್ಕಾರ ಒಪ್ಪುವ ಮೊದಲು ಕಾಂಗ್ರೆಸ್ ಒಪ್ಪಿತು. 1922ರಲ್ಲಿ ವೆಂಕಟರಾಯರು ‘ಜಯಕರ್ನಾಟಕ’ ಪತ್ರಿಕೆ ತೆಗೆದರು. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿ ಕಾಂಗ್ರೆಸ್ ನಡೆದಾಗ, ಅಲ್ಲೇ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಮೊದಲ ಏಕೀಕರಣ ಪರಿಷತ್ತೂ ನಡೆಯಿತು. ಹುಯಿಲಗೋಳ ನಾರಾಯಣರಾಯರ ಏಕೀಕರಣದ ಹಾಡು ಮೊಳಗಿದ್ದು ಆ ಬೆಳಗಾವಿಯಲ್ಲೇ.

1930ರಲ್ಲಿ ಅವರು ನಮ್ಮ ಮೈಸೂರಿಗೆ ಬಂದರು, ಹದಿನಾರನೆಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿ. ಆಗಿನ ಮೈಸೂರನ್ನು ಧಾರವಾಡದ ಕಣ್ಣಿನಿಂದ ನೋಡಿ. ನಾಲ್ವಡಿ ಕೃಷ್ಣರಾಜ ಒಡೆಯರು ಆಳುತ್ತಿದ್ದಾರೆ. ಶಿವನಸಮುದ್ರದಿಂದ 1902ರಲ್ಲೇ ವಿದ್ಯುತ್ ಹರಿದಿದೆ. 1916ರಿಂದ ವಿಶ್ವವಿದ್ಯಾನಿಲಯವಿದೆ. ಕನ್ನಂಬಾಡಿ ಕಟ್ಟೆ ಎದ್ದಿದೆ. ಶಾಸನಗಳನ್ನು ಓದಲು ಸಂಬಳ ಕೊಟ್ಟು ನಡೆಸುವ ಪ್ರಾಚ್ಯವಸ್ತು ಇಲಾಖೆಯಿದೆ. ಧಾರವಾಡದಲ್ಲಿ ಇದೇ ಕೆಲಸವನ್ನು ವಕೀಲಿ ಬಿಟ್ಟವರೊಬ್ಬರು ಚಂದಾ ಎತ್ತಿ ಮಾಡಬೇಕಿತ್ತು. ನಮ್ಮ ಹಿರಿಯರಿಗೆ ಕನ್ನಡ ದೊರೆ, ಕನ್ನಡ ಶಾಲೆ, ನಾಲೆಯ ನೀರು, ಗದ್ದೆಯ ಭತ್ತ ಎಲ್ಲವೂ ಇದ್ದವು. ಆಚೆಯ ಕನ್ನಡಿಗರ ಕೊರಗು ನಮ್ಮ ಜಗಲಿಯವರೆಗೆ ಬಂದು ತಟ್ಟಲಿಲ್ಲ.

ಆದ್ದರಿಂದಲೇ ಏಕೀಕರಣದ ಮಾತು ನಿಜವಾಗಿ ಹತ್ತಿರ ಬಂದಾಗ ನಮ್ಮ ಕಡೆಯಿಂದಲೇ ದೊಡ್ಡ ಅಡ್ಡಿ ಎದ್ದಿತು. ಇದನ್ನು ಮುಚ್ಚಿಟ್ಟು ಮಾತಾಡುವುದು ಸರಿಯಲ್ಲ. ಬಡ ಜಿಲ್ಲೆಗಳನ್ನು ಸೇರಿಸಿಕೊಂಡರೆ ಮೈಸೂರಿನ ಹಣವೆಲ್ಲ ಅಲ್ಲಿಗೆ ಹರಿಯುತ್ತದೆ ಎಂಬ ಅಂಜಿಕೆ ಇತ್ತು. ಮೈಸೂರಿನ ಹೆಸರು, ಅರಮನೆಯ ಹಿರಿಮೆ ಏನಾಗುತ್ತವೋ ಎಂಬ ಕಳವಳವಿತ್ತು. ಯಾವ ಜಾತಿಯ ಕೈ ಮೇಲಾಗುತ್ತದೆ ಎಂಬ ಲೆಕ್ಕಾಚಾರವೂ ಇತ್ತು. ಅತ್ತ 1953ರಲ್ಲಿ ಅದರಗುಂಚಿಯ ಶಂಕರಗೌಡರು ಕರ್ನಾಟಕಕ್ಕಾಗಿ ಉಪವಾಸ ಕೂತಿದ್ದರು, ಹುಬ್ಬಳ್ಳಿಯಲ್ಲಿ ಜನ ರೊಚ್ಚಿಗೆದ್ದಿದ್ದರು. ಇತ್ತ ನಮ್ಮ ಮುಖಂಡರಲ್ಲಿ ಅನೇಕರು ಎರಡು ಕನ್ನಡ ರಾಜ್ಯಗಳಿದ್ದರೆ ಏನು ತಪ್ಪು ಎನ್ನುತ್ತಿದ್ದರು. ಆ ವಿರೋಧದ ನಡುವೆ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ಏಕೀಕರಣದ ಪರ ಗಟ್ಟಿಯಾಗಿ ನಿಂತರು. ಕುವೆಂಪು ಅವರು ಲೇಖನಿಯಿಂದ ನಿಂತರು. ಮಹಾರಾಜ ಜಯಚಾಮರಾಜ ಒಡೆಯರೂ ಅಡ್ಡ ಬರಲಿಲ್ಲ. 1956ರ ಆಗಸ್ಟಿನಲ್ಲಿ ಹನುಮಂತಯ್ಯನವರು ಅಧಿಕಾರ ಕಳೆದುಕೊಂಡರು. ತಾವು ಬಯಸಿದ ರಾಜ್ಯ ಬಂದ ದಿನ ಅವರು ಮುಖ್ಯಮಂತ್ರಿಯಾಗಿರಲಿಲ್ಲ.

1956ರ ನವೆಂಬರ್ 1ರಂದು ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಬೆಂಗಳೂರಿನಲ್ಲಿ ಹೊಸ ರಾಜ್ಯವನ್ನು ಉದ್ಘಾಟಿಸಿದರು. ಜಯಚಾಮರಾಜ ಒಡೆಯರು ರಾಜ್ಯಪಾಲರು, ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿ. ಎಪ್ಪತ್ತಾರು ವಯಸ್ಸಿನ ವೆಂಕಟರಾಯರು ಹಂಪಿಗೆ ಹೋದರು. ವಿರೂಪಾಕ್ಷನ ಗುಡಿಯಲ್ಲಿ ತಾಯಿ ಭುವನೇಶ್ವರಿಗೆ ಪೂಜೆ ಸಲ್ಲಿಸಿದರು. ಐವತ್ತೊಂದು ವರ್ಷದ ಹಿಂದೆ ಮನಸ್ಸು ತುಂಬಿಕೊಂಡು ಬಂದ ಜಾಗಕ್ಕೆ ಹರಕೆ ಒಪ್ಪಿಸಲು ಹೋದರು. ಅವರಿಗೆ ದೊಡ್ಡ ಪದವಿ ಯಾವುದೂ ಬರಲಿಲ್ಲ, ಅವರು ಕೇಳಲೂ ಇಲ್ಲ. ನಾಡಭಿಮಾನವನ್ನು ಅವರು ದೇವರ ಕೆಲಸವೆಂದೇ ತಿಳಿದಿದ್ದರು. ಕರ್ನಾಟಕತ್ವ ಎಂಬ ವಿಚಾರವನ್ನು ಕೊನೆಯ ವರ್ಷಗಳವರೆಗೂ ಗ್ರಂಥಗಳಲ್ಲಿ ಬಿಡಿಸಿ ಹೇಳುತ್ತಲೇ ಇದ್ದರು.

ಆದರೆ ಆ ದಿನ ಬಂದದ್ದು ಪೂರ್ತಿ ಕರ್ನಾಟಕವಲ್ಲ. ಕಾಸರಗೋಡು ಕೇರಳಕ್ಕೆ ಹೋಯಿತು. ನಮ್ಮ ಚಾಮರಾಜನಗರದ ಮಗ್ಗುಲಿನ ತಾಳವಾಡಿ ತಮಿಳುನಾಡಿನ ಕಡೆ ಉಳಿಯಿತು. ಅಕ್ಕಲಕೋಟೆ, ಸೊಲ್ಲಾಪುರಗಳ ಕನ್ನಡಿಗರು ಆಚೆಯೇ ಉಳಿದರು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರೂ ಬರಲಿಲ್ಲ, ಹಳೆಯ ಮೈಸೂರು ಎಂಬುದೇ ಮುಂದುವರಿಯಿತು. ಅಂದಾನಪ್ಪ ದೊಡ್ಡಮೇಟಿಯವರಂಥವರು ಹೆಸರಿಗಾಗಿ ಶಾಸನಸಭೆಯಲ್ಲಿ ಪಟ್ಟು ಹಿಡಿದರು, ಆಗಲೂ ಆಗಲಿಲ್ಲ. 1964ರ ಫೆಬ್ರವರಿ 25ರಂದು ವೆಂಕಟರಾಯರು ತೀರಿಕೊಂಡರು. ಕರ್ನಾಟಕ ಎಂಬ ಹೆಸರನ್ನು ಮೂರು ನಾಲ್ಕು ಪುಸ್ತಕಗಳ ಮುಖಪುಟದ ಮೇಲೆ ಬರೆದವರು ಮೈಸೂರು ರಾಜ್ಯದ ಪ್ರಜೆಯಾಗಿಯೇ ಕಣ್ಣು ಮುಚ್ಚಿದರು.

ಆ ಹೆಸರು ಬಂದದ್ದು 1973ರ ನವೆಂಬರ್ 1ರಂದು. ತಂದವರು ನಮ್ಮವರೇ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಡಿ. ದೇವರಾಜ ಅರಸರು ಆಗ ಮುಖ್ಯಮಂತ್ರಿ. ಯಾವ ಸೀಮೆ ಈ ಹೆಸರಿಗೆ ಹಿಂದೆ ಮುಂದೆ ನೋಡಿತ್ತೋ ಅದೇ ಸೀಮೆಯ, ಮೈಸೂರು ಅರಸು ಮನೆತನಗಳ ಸಮುದಾಯದಲ್ಲೇ ಹುಟ್ಟಿದ ಮಗನೊಬ್ಬನ ಕೈಯಿಂದ ಆ ಕೆಲಸ ನಡೆಯಿತು. ಹುಣಸೂರಿನವರು ಅರಸರ ಹೆಸರು ಹೇಳುವಾಗ ಭೂಸುಧಾರಣೆಯನ್ನೂ ಹಿಂದುಳಿದವರಿಗೆ ಕೊಟ್ಟ ದನಿಯನ್ನೂ ನೆನೆಯುತ್ತಾರೆ, ನೆನೆಯಬೇಕಾದ್ದೇ. ಅದರ ಜೊತೆಗೆ ಇದನ್ನೂ ನೆನೆಯಲಿ ಎಂದು ನನ್ನ ಆಸೆ. ಧಾರವಾಡದ ಹಿರಿಯರ ಬಾಕಿ ಉಳಿದಿದ್ದ ಕೆಲಸವನ್ನು ಕಲ್ಲಹಳ್ಳಿಯವರು ಮುಗಿಸಿಕೊಟ್ಟರು.

ಇನ್ನೊಂದು ಮಾತು, ವಿಶೇಷವಾಗಿ ನಮ್ಮ ಸೀಮೆಯ ಮೇಷ್ಟ್ರುಗಳಿಗೆ. ವೆಂಕಟರಾಯರು ಹಂಪಿಗೆ ಹೋಗಿ ಕಂಡದ್ದು ನಮ್ಮ ಕಾಲಬುಡದಲ್ಲೂ ಇದೆ. ಕೃಷ್ಣರಾಜನಗರ ಸೀಮೆಯ ಚಿಕ್ಕಹನಸೋಗೆಯಲ್ಲಿ ಸಾವಿರ ವರ್ಷದಷ್ಟು ಹಳೆಯ ಆದಿನಾಥ ಬಸದಿಯಿದೆ, ಅಲ್ಲಿ ಚಂಗಾಳ್ವ ಅರಸರ ಶಾಸನಗಳಿವೆ. ಪಿರಿಯಾಪಟ್ಟಣ ಆ ಚಂಗಾಳ್ವರದೇ ಊರಾಗಿತ್ತು. ರೈಸ್ ಸಾಹೇಬರು 1898ರಲ್ಲಿ ಪ್ರಕಟಿಸಿದ ಶಾಸನ ಸಂಪುಟದಲ್ಲಿ ಹುಣಸೂರು, ಎಡತೊರೆ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಕಲ್ಲುಗಳನ್ನು ಊರೂರಿನ ಹೆಸರು ಹಿಡಿದು ಅಚ್ಚು ಹಾಕಿದ್ದಾರೆ. ಎಡತೊರೆ ಎಂದರೆ ನಮ್ಮ ಕೃಷ್ಣರಾಜನಗರ ತಾಲ್ಲೂಕಿನ ಹಳೆಯ ಹೆಸರು. ಇಷ್ಟೆಲ್ಲ ಇದ್ದೂ ನಮ್ಮ ಎಷ್ಟೋ ಹಳ್ಳಿಗಳಲ್ಲಿ ವೀರಗಲ್ಲಿನ ಮೇಲೆ ಬಟ್ಟೆ ಒಗೆಯುತ್ತಾರೆ, ಮಾಸ್ತಿಕಲ್ಲು ಚರಂಡಿಗೆ ಚಪ್ಪಡಿಯಾಗಿದೆ. ರಾಜ್ಯೋತ್ಸವದ ದಿನ ಧ್ವಜ ಏರಿಸಿ ಲಾಡು ಹಂಚುವ ನಾವೇ ನಾಡಿನ ಸಾಕ್ಷಿಗಳನ್ನು ತುಳಿದು ನಡೆಯುತ್ತಿದ್ದೇವೆ. ನನಗೆ ಇದು ಸಹಿಸಲಾಗದ ನೋವು.

ಈ ಸಲ ನವೆಂಬರ್ ಬರುವ ಮೊದಲು ಭೇರ್ಯ, ಸಾಲಿಗ್ರಾಮ, ಮಿರ್ಲೆಯ ಶಾಲೆಗಳವರು, ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಕಡೆಯವರು ಒಂದು ಕೆಲಸ ಮಾಡಿ. ಮಕ್ಕಳನ್ನು ಕರೆದುಕೊಂಡು ಹೋಗಿ ನಿಮ್ಮ ಊರಿನ ಶಾಸನವನ್ನು, ವೀರಗಲ್ಲನ್ನು ತೋರಿಸಿ, ಅದರ ಸುತ್ತ ಬೆಳೆದ ಕಳ್ಳಿಗಿಡ ತೆಗೆಸಿ, ಅದು ಯಾರ ಕಾಲದ್ದೆಂದು ಅವರಿಂದಲೇ ಬರೆಸಿ. ಪಂಚಾಯಿತಿಯ ಗ್ರಂಥಾಲಯದಲ್ಲಿ ‘ಕರ್ನಾಟಕ ಗತವೈಭವ’ದ ಒಂದು ಪ್ರತಿ ಇದೆಯೇ ನೋಡಿ, ಇಲ್ಲದಿದ್ದರೆ ತರಿಸಿ, ತರಿಸಿದ್ದನ್ನು ಓದಿ.